ಹೈನುಗಾರಿಕೆ: ಎರಡು ಹಸುವಿನ ರೈತನಿಗೆ ದಕ್ಕುವುದೆಷ್ಟು?

ಹಾಲಿನ ದರ ಏರಿದಾಗಲೆಲ್ಲ ನಗರದ ಗ್ರಾಹಕರು ಗೊಣಗುವುದು ಸಹಜ. ಆದರೆ ಒಂದೆರಡು ಹಸು ಕಟ್ಟಿಕೊಂಡು ಆ ಹಾಲನ್ನು ಪೂರೈಸುವ ಸಣ್ಣ ರೈತನಿಗೆ ತನ್ನ ಉತ್ಪನ್ನದ ಬೆಲೆಯ ಮೇಲಾಗಲೀ, ಅದಕ್ಕೆ ತಗಲುವ ಖರ್ಚಿನ ಮೇಲಾಗಲೀ ಹಿಡಿತವಿಲ್ಲ. ರಾಜ್ಯದ ಹೈನೋದ್ಯಮದ ಮೂಲ ಸಮಸ್ಯೆ ಇದೇ.

ಸಹಕಾರದ ಆಸರೆ

ಕರ್ನಾಟಕದ ಮೊದಲ ಹಾಲು ಸಹಕಾರ ಸಂಘ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಆರಂಭವಾಯಿತು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನೊಂದಿಗೆ ಹೈನು ಅಭಿವೃದ್ಧಿ ನಿಗಮ ಸ್ಥಾಪನೆಗೊಂಡಿತು. 1984ರಲ್ಲಿ ಅದರ ಜಾಗದಲ್ಲಿ ಕರ್ನಾಟಕ ಹಾಲು ಮಹಾಮಂಡಳ ಅಸ್ತಿತ್ವಕ್ಕೆ ಬಂತು. ಹಳ್ಳಿಯಲ್ಲಿ ಉತ್ಪಾದಕರ ಸಂಘ, ಅದರ ಮೇಲೆ ಜಿಲ್ಲಾ ಮಟ್ಟದ ಒಕ್ಕೂಟ, ತುದಿಯಲ್ಲಿ ಮಹಾಮಂಡಳ ಎಂಬ ಮೂರು ಹಂತಗಳ ವ್ಯವಸ್ಥೆ ಇದು. ಎರಡು ಲೀಟರ್ ಹಾಲು ತಂದವನಿಗೂ ಡೇರಿಯ ಬಾಗಿಲು ಬೆಳಿಗ್ಗೆ, ಸಂಜೆ ತೆರೆದಿರುತ್ತದೆ. ಟೊಮೆಟೊ, ಈರುಳ್ಳಿ ಬೆಳೆಗಾರರಿಗಿಲ್ಲದ ಈ ಭದ್ರತೆಯೇ ಬಯಲುಸೀಮೆಯ ಅನೇಕ ಕುಟುಂಬಗಳನ್ನು ಬರಗಾಲದಲ್ಲಿ ಕಾಪಾಡಿದೆ.

ಫ್ಯಾಟ್, ಎಸ್‌ಎನ್‌ಎಫ್ ಲೆಕ್ಕ

ಸಂಘದಲ್ಲಿ ಹಾಲಿನ ಅಳತೆಯಷ್ಟೇ ಮುಖ್ಯವಲ್ಲ. ಕೊಬ್ಬಿನಂಶ ಹಾಗೂ ಕೊಬ್ಬೇತರ ಘನಾಂಶವನ್ನು ಪರೀಕ್ಷಿಸಿ ದರ ಕಟ್ಟಲಾಗುತ್ತದೆ. ಶೇ 3.5 ಫ್ಯಾಟ್ ಮತ್ತು ಶೇ 8.5 ಎಸ್‌ಎನ್‌ಎಫ್ ಸಾಮಾನ್ಯ ಮಾನದಂಡ. ಬೇಸಿಗೆಯ ಸೆಕೆ ಹಾಗೂ ಹಸಿ ಮೇವಿನ ಕೊರತೆಯಿಂದ ಮಿಶ್ರತಳಿ ಹಸುವಿನ ಹಾಲಿನ ಪ್ರಮಾಣವೂ ಗುಣಮಟ್ಟವೂ ಇಳಿಯುತ್ತವೆ. ಮೇವು ದುಬಾರಿಯಾಗುವ ಹೊತ್ತಿಗೇ ಬಟವಾಡೆ ಕಡಿಮೆಯಾಗುತ್ತದೆ.

ಹಸು ಸಾಕಣೆಯಲ್ಲಿ ದೊಡ್ಡ ಖರ್ಚು ಮೇವು ಮತ್ತು ಪಶು ಆಹಾರದ್ದು. ಮೆಕ್ಕೆಜೋಳ, ಹಿಂಡಿ, ಬೂಸಾ ದರ ಏರಿದರೆ ಅದರ ಹೊರೆ ನೇರವಾಗಿ ರೈತನ ಮೇಲೆ ಬೀಳುತ್ತದೆ. ಜಮೀನಿಲ್ಲದವರು ಹುಲ್ಲನ್ನೂ ಕೊಂಡೇ ಹಾಕಬೇಕು. ಹಾಲು ಕರೆಯುವ, ಸಗಣಿ ಬಾಚುವ, ಮೇವು ತರುವ ಮನೆಯ ಹೆಂಗಸರ ದುಡಿಮೆಗೆ ಕೂಲಿಯ ಲೆಕ್ಕವೇ ಇಲ್ಲ.

ಬೆದೆಗೆ ಬಂದ ಹಸುವಿಗೆ ಸಕಾಲಕ್ಕೆ ಗರ್ಭಧಾರಣೆ ಮಾಡಿಸದಿದ್ದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಎರಡರಲ್ಲಿ ಒಂದು ಹಸು ಬತ್ತಿದರೆ ಅರ್ಧ ವರಮಾನ ನಿಲ್ಲುತ್ತದೆ, ಮೇವಿನ ಖರ್ಚು ನಿಲ್ಲುವುದಿಲ್ಲ. ಕೆಚ್ಚಲು ಬಾವು ಬಂದರೆ ಔಷಧ ನಡೆಯುವಷ್ಟು ದಿನ, ಆ ಬಳಿಕವೂ ಕೆಲವು ದಿನ ಹಾಲು ಮಾರುವಂತಿಲ್ಲ. 2013ರ ಕಾಲುಬಾಯಿ ಜ್ವರ, 2022ರ ಚರ್ಮಗಂಟು ರೋಗ ಅನೇಕ ಕೊಟ್ಟಿಗೆಗಳನ್ನು ಬರಿದು ಮಾಡಿದವು.

ಹಾಲು ಹೆಚ್ಚಾದರೂ ಕಷ್ಟ

2024ರ ಜೂನ್‌ನಲ್ಲಿ ರಾಜ್ಯದ ದೈನಿಕ ಹಾಲು ಸಂಗ್ರಹ ಒಂದು ಕೋಟಿ ಲೀಟರ್ ಮುಟ್ಟಿತು. ಮಾರಾಟವಾಗದೆ ಉಳಿದ ಹಾಲನ್ನು ಒಕ್ಕೂಟಗಳು ಪುಡಿ ಹಾಗೂ ಬೆಣ್ಣೆಯಾಗಿ ಪರಿವರ್ತಿಸುತ್ತವೆ. ಹಾಲಿನ ಪುಡಿಯ ಬೆಲೆ ಕುಸಿದಾಗ ನಷ್ಟ ಉಂಟಾಗಿ, ಖರೀದಿ ದರ ಇಳಿಸುವ ಒತ್ತಡ ಒಕ್ಕೂಟಗಳ ಮೇಲೆ ಬರುತ್ತದೆ. ಶಾಲಾ ಮಕ್ಕಳಿಗೆ ಹಾಲು ನೀಡಲು 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಿಂದ ಪುಡಿಗೆ ಒಂದಷ್ಟು ಬೇಡಿಕೆ ದೊರೆತಿದೆ.

2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರವನ್ನು ಲೀಟರ್‌ಗೆ 4 ರೂಪಾಯಿ ಹೆಚ್ಚಿಸಿದಾಗ, ಆ ಮೊತ್ತ ಉತ್ಪಾದಕರಿಗೇ ಸೇರಲಿದೆ ಎಂದು ಸರ್ಕಾರ ಪ್ರಕಟಿಸಿತ್ತು. ಇದರ ಹೊರತಾಗಿ ಸರ್ಕಾರದ ಪ್ರೋತ್ಸಾಹಧನವೂ ಇದೆ. 2008ರಲ್ಲಿ ಲೀಟರ್‌ಗೆ 2 ರೂಪಾಯಿಯಿಂದ ಆರಂಭವಾದ ಈ ನೆರವು ಮುಂದೆ 5 ರೂಪಾಯಿಗೆ ಏರಿತು. ಆದರೆ ಅದು ತಿಂಗಳುಗಟ್ಟಲೆ ಬಾಕಿ ಉಳಿದ ಸಂದರ್ಭಗಳಿವೆ. ಪಶು ಆಹಾರದ ಅಂಗಡಿಯಲ್ಲಿ ಸಾಲ ಹೇಳಿ ಬಂದವರಿಗೆ ಈ ವಿಳಂಬವೇ ದೊಡ್ಡ ಪೆಟ್ಟು.

ದರ ಏರಿಕೆಯೊಂದರಿಂದಲೇ ಈ ಸಂಕಷ್ಟ ಬಗೆಹರಿಯದು. ಪ್ರೋತ್ಸಾಹಧನ ಬಟವಾಡೆಯ ಜತೆಗೇ ಕೈಸೇರಬೇಕು. ಬೇಸಿಗೆಗೆ ಮುನ್ನ ಮೇವಿನ ದಾಸ್ತಾನು, ಕರೆದಾಗ ಬರುವ ಪಶುವೈದ್ಯರು ಹಾಗೂ ಸಕಾಲಕ್ಕೆ ಸಿಗುವ ರಾಸು ವಿಮೆ ಇದ್ದರೆ ಮಾತ್ರ ಸಣ್ಣ ರೈತನ ಕೊಟ್ಟಿಗೆಯಲ್ಲಿ ಹಸು ಉಳಿದೀತು.