ಸರ್ರಾ ಪರೋಪಜೀವಿಯ ಚಲನೆ: ರಕ್ತದ ಹನಿಯಿಂದ ಡೈನೀನ್‌ವರೆಗೆ

ಸಾರವಾಡದ ಬಳಿ ಡೋಣಿ ನದಿಯ ಹಸಿಮಣ್ಣು, ಮಮದಾಪುರದ ಆದಿಲ್‌ಶಾಹಿ ಕೆರೆಯಂಚಿನ ಜೊಂಡು: ವಿಜಾಪುರದ ಬಬಲೇಶ್ವರ ಸೀಮೆಯಲ್ಲಿ ದನಗಳು ನೀರಿಗೆ ಇಳಿಯುವ ಇಂಥ ಜಾಗಗಳೇ ಟಬಾನಸ್ ನೊಣಕ್ಕೂ ಒಗ್ಗುತ್ತವೆ. ನೀರಂಚಿನ ಎಲೆಗೆ ಅದು ಮೊಟ್ಟೆಯಿಡುತ್ತದೆ. ಮರಿಹುಳು ಕೆಸರಿನಲ್ಲಿ ಬೆಳೆಯುತ್ತದೆ. ಹೆಣ್ಣು ನೊಣ ಎಮ್ಮೆಯೊಂದನ್ನು ಕಚ್ಚಿ, ಬಾಲದೇಟಿಗೆ ಎದ್ದು, ಪಕ್ಕದ ಕುದುರೆಯ ಮೇಲೆ ಕೂತರೆ, ಬಾಯಿಗಂಟಿದ ರಕ್ತದ ಜೊತೆ ಟ್ರಿಪನೊಸೋಮಾ ಇವಾನ್ಸೈ ಎಂಬ ಪರೋಪಜೀವಿ ದಾಟಬಲ್ಲದು. ಆಮೇಲೆ ಬಿಟ್ಟು ಬಿಟ್ಟು ಬರುವ ಜ್ವರ, ರಕ್ತಹೀನತೆ, ಕಾಲು ಹೊಟ್ಟೆಗಳಲ್ಲಿ ಬಾವು. ಇದೇ ಸರ್ರಾ.

ಈ ಜೀವಿ ಮೊದಲು ಕಣ್ಣಿಗೆ ಬಿದ್ದದ್ದೇ ತನ್ನ ಓಡಾಟದಿಂದ. 1880ರಲ್ಲಿ ಆಗಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಸೈನ್ಯದ ಪಶುವೈದ್ಯ ಗ್ರಿಫಿತ್ ಇವಾನ್ಸ್ ರೋಗಗ್ರಸ್ತ ಕುದುರೆ, ಒಂಟೆಗಳ ರಕ್ತದಲ್ಲಿ ಇದನ್ನು ಕಂಡ. ಆ ರಕ್ತವನ್ನು ಆರೋಗ್ಯವಂತ ಪ್ರಾಣಿಗಳಿಗೆ ಚುಚ್ಚಿ, ರೋಗಕ್ಕೆ ಇದೇ ಕಾರಣವೆಂದ; ಆದರೆ ಮೇಲಧಿಕಾರಿಗಳು ಒಪ್ಪಲಿಲ್ಲ. 1885ರಲ್ಲಿ ಬರ್ಮಾದ ಹೇಸರಗತ್ತೆಗಳಲ್ಲಿ ಅದನ್ನೇ ನೋಡಿದ ಜೆ. ಎಚ್. ಸ್ಟೀಲ್ ಅದನ್ನು ಸ್ಪೈರೊಕೀಟ್ (ಸುರುಳಿಯಾಕಾರದ ಬ್ಯಾಕ್ಟೀರಿಯಾ) ಎಂದು ತಪ್ಪಾಗಿ ವರ್ಗೀಕರಿಸಿದರೂ ಇವಾನ್ಸ್‌ನ ಹೆಸರನ್ನೇ ಇಟ್ಟ. ಮರುವರ್ಷ ಆರಂಭವಾದ ಮುಂಬಯಿ ಪಶುವೈದ್ಯ ಕಾಲೇಜಿಗೆ ಈ ಸ್ಟೀಲನೇ ಮುಖ್ಯಸ್ಥ. ವಿಜಾಪುರ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪುಣೆಯ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿ ಪ್ರಯೋಗಾಲಯದಲ್ಲಿ ಆಲ್ಫ್ರೆಡ್ ಲಿಂಗಾರ್ಡ್ ಸರ್ರಾ ಬೆನ್ನು ಹತ್ತಿದ್ದೂ ಇದೇ ಪ್ರಾಂತದೊಳಗೆ.

ಹಸಿ ರಕ್ತದ ಹನಿಯೊಂದನ್ನು ಗಾಜಿನ ಚೂರಿನಡಿ ಹರಡಿ ಸೂಕ್ಷ್ಮದರ್ಶಕಕ್ಕೆ ಒಡ್ಡಿದರೆ ಮೊದಲು ಕಾಣುವುದು ಪರೋಪಜೀವಿಯಲ್ಲ, ಕೆಂಪು ರಕ್ತಕಣಗಳ ತಳ್ಳಾಟ. ಕಣಗಳನ್ನು ಸರಿಸುತ್ತಾ ಹೊರಳುವ ಆ ತೆಳ್ಳನೆ ದೇಹಕ್ಕೆ ಉದ್ದಕ್ಕೂ ಅಂಟಿಕೊಂಡ ಕಶಾಂಗವಿದೆ; ಅದರ ತುದಿ ಮಾತ್ರ ಮುಂದೆ ಬಿಡುಬೀಸು. ಕಶಾಂಗದೊಳಗೆ ಸುತ್ತ ಒಂಬತ್ತು ಜೋಡಿ, ನಡುವೆ ಎರಡು ಸೂಕ್ಷ್ಮನಾಳಗಳು. ಜೋಡಿಗಳನ್ನು ಒಂದರ ಮೇಲೊಂದು ಜಾರಿಸುವ ಡೈನೀನ್ ಪ್ರೋಟೀನಿಗೆ ಆ ಹೆಸರು ಬಂದದ್ದು 1965ರಲ್ಲಿ, ಇಯಾನ್ ಗಿಬನ್ಸ್‌ನಿಂದ.

ಆಮೇಲಿನ ಕೆಲಸವೆಲ್ಲ ಹೆಚ್ಚಾಗಿ ನಡೆದದ್ದು ಇವಾನ್ಸೈಯ ಹತ್ತಿರದ ಆಫ್ರಿಕನ್ ಬಂಧು ಟ್ರಿಪನೊಸೋಮಾ ಬ್ರೂಸಿಯ ಮೇಲೆ. ಈ ಗುಂಪಿನ ಕಶಾಂಗದಲ್ಲಿ ಸೂಕ್ಷ್ಮನಾಳಗಳ ಪಕ್ಕ ಪ್ರೋಟೀನಿನ ದಿಂಡೊಂದು ಇದೆ. ಅದರ ಮುಖ್ಯ ಪ್ರೋಟೀನುಗಳಲ್ಲಿ ಒಂದನ್ನು 1998ರಲ್ಲಿ ಬಾಸ್ಟಿನ್, ಗಲ್ ಮುಂತಾದವರು ತಡೆದಾಗ ಕೋಶಗಳು ಈಜು ಮರೆತು ತಳ ಸೇರಿದವು. 2002ರಲ್ಲಿ ಕೆಂಟ್ ಹಿಲ್ ತಂಡ ಟ್ರಿಪಾನಿನ್ ಪ್ರೋಟೀನನ್ನು ತಗ್ಗಿಸಿತು: ಕಶಾಂಗ ಬಡಿಯುತ್ತಲೇ ಇತ್ತು, ಕೋಶ ಮಾತ್ರ ನಿಂತಲ್ಲೇ ಹೊರಳಿತು. ಡೈನೀನ್ ಬಲ ಕೊಡುತ್ತದೆ. ಆ ಬಲಕ್ಕೆ ಹದ ಕೊಡುವವು ಬೇರೆ ಎಂಬುದನ್ನು ಈ ಪ್ರಯೋಗ ಸೂಚಿಸಿತು. ಬೇರೆ ಜೀವಿಗಳ ಕಶಾಂಗದಲ್ಲಿ ಅಲೆ ಸಾಮಾನ್ಯವಾಗಿ ಬುಡದಿಂದ ಹೊರಟರೆ ಇವುಗಳಲ್ಲಿ ತುದಿಯಿಂದ ಹೊರಡುತ್ತದೆ. ಹೊರಸಾಲಿನ ಡೈನೀನನ್ನು ಕಚ್ಚಿಕೂರಿಸುವ ಪ್ರೋಟೀನುಗಳು ಬುಡದ ಕಡೆ ಒಂದು ಬಗೆ, ತುದಿಯ ಕಡೆ ಇನ್ನೊಂದು ಬಗೆ ಇರುವುದೇ ಈ ದಿಕ್ಕನ್ನು ನಿಯಂತ್ರಿಸುತ್ತದೆಂದು 2018ರಲ್ಲಿ ಎಡ್ವರ್ಡ್ಸ್, ವೀಲರ್ ಮೊದಲಾದವರು ತೋರಿಸಿದರು.

ಕಶಾಂಗದ ಪ್ರೋಟೀನುಗಳನ್ನು ತಡೆದರೆ ರಕ್ತದೊಳಗಿನ ರೂಪ ವಿಭಜನೆಯಾಗದೆ ಸಾಯುತ್ತದೆಂದು 2006ರಲ್ಲಿ ವರದಿಯಾದಾಗ, ಚಲನೆಯೇ ಜೀವ ಎಂಬ ಮಾತು ಬಹುಬೇಗ ಹಬ್ಬಿತು. ನನ್ನ ಮಟ್ಟಿಗೆ ಅದು ಅವಸರದ ತೀರ್ಮಾನ. ಪ್ರೋಟೀನನ್ನೇ ಕಳೆಯದೆ, ಡೈನೀನಿನ ಒಂದು ಘಟಕವನ್ನು ಸೂಜಿಮೊನೆಯಷ್ಟು ಬದಲಿಸಿ ಈಜು ಕೆಡಿಸಿದ ಕೋಶಗಳು ಬದುಕಿದವು; ಇಲಿಗಳಿಗೆ ರೋಗವನ್ನೂ ತಂದವೆಂದು 2014ರಲ್ಲಿ ಹಿಲ್ ತಂಡವೇ ಪ್ರಕಟಿಸಿತು. ಕಶಾಂಗದ ರಚನೆ ಬೇರೆ, ಅದರ ಓಟ ಬೇರೆ.

ಹಾಗೆಂದು ಓಟ ವ್ಯರ್ಥವೂ ಅಲ್ಲ. ಮೈಗೆ ಅಂಟಿದ ಪ್ರತಿಕಾಯಗಳು ಈಜುವಾಗ ಎದುರಾಗುವ ಹರಿವಿಗೆ ಹಿಂದಕ್ಕೆ ಸರಿದು, ಕಶಾಂಗದ ಬುಡದ ಚೀಲದಲ್ಲಿ ನುಂಗಲ್ಪಡುತ್ತವೆಂದು 2007ರಲ್ಲಿ ಎಂಗ್‌ಸ್ಟ್ಲರ್ ತಂಡ ಕಂಡುಕೊಂಡಿತು. ಆದರೆ ದನ, ಎಮ್ಮೆಗಳ ಹಳೆಯ ಸೋಂಕಿನಲ್ಲಿ ಪರೋಪಜೀವಿ ಎಷ್ಟು ವಿರಳವೆಂದರೆ ಹಸಿ ಹನಿಯಲ್ಲಿ ಯಾವ ತಳ್ಳಾಟವೂ ಕಾಣದೆ ಹೋಗಬಹುದು. ಆಗ ಸೀರಮ್ಮಿನಲ್ಲಿ ಉಳಿದ ಪ್ರತಿಕಾಯಗಳನ್ನೇ ಎಲೈಸಾ ಪರೀಕ್ಷೆಯಿಂದ ಹುಡುಕಬೇಕು. ಬೆಂಗಳೂರಿನ ಯಲಹಂಕದ ನಿವೇದಿ ಸಂಸ್ಥೆಯ ಜಾನುವಾರು ರೋಗ ಮುನ್ಸೂಚನೆಯಲ್ಲಿ ಈ ರೋಗಕ್ಕೂ ಜಾಗವಿದೆ. ಚಿಕಿತ್ಸೆಗೆ ಇಂದಿಗೂ ಕ್ವಿನಾಪಿರಮಿನ್, ಡೈಮಿನಜೀನ್‌ಗಳಂಥ ಹಳೆಯ ಮದ್ದುಗಳೇ. ಕಶಾಂಗದ ಪ್ರೋಟೀನಿಗೆ ಗುರಿಯಿಟ್ಟ ಚುಚ್ಚುಮದ್ದು ದನದ ದವಾಖಾನೆಗೆ ಬಂದಿಲ್ಲ.