ಐಲೀನ್ ಕಾಲಿನ್ಸ್: ಗ್ಲೈಡರ್ ಬೆಟ್ಟದಿಂದ ಬಾಹ್ಯಾಕಾಶ ನೌಕೆಯ ಸಾರಥ್ಯದವರೆಗೆ

1999ರ ಜುಲೈ 23. ಅಮೆರಿಕದ ಫ್ಲೋರಿಡಾದಲ್ಲಿ ನಡುರಾತ್ರಿ ಕಳೆದು ಅರ್ಧ ಗಂಟೆಯಾಗಿತ್ತು. ಕೊಲಂಬಿಯಾ ಬಾಹ್ಯಾಕಾಶ ನೌಕೆ ಉಡಾವಣಾ ವೇದಿಕೆಯನ್ನು ಬಿಟ್ಟು ಮೇಲೇರಿ ಐದು ಸೆಕೆಂಡುಗಳಾಗಿದ್ದವಷ್ಟೆ. ವಿದ್ಯುತ್ ಜಾಲದಲ್ಲಿ ಶಾರ್ಟ್ ಸರ್ಕ್ಯೂಟ್ ಸಂಭವಿಸಿ, ಮೂರು ಮುಖ್ಯ ಎಂಜಿನ್‌ಗಳ ಪೈಕಿ ಎರಡರ ತಲಾ ಒಂದು ನಿಯಂತ್ರಕ ಕಂಪ್ಯೂಟರ್ ಸ್ತಬ್ಧಗೊಂಡಿತು. ಜೋಡಿ ಕಂಪ್ಯೂಟರ್‌ಗಳು ಕ್ಷಣಾರ್ಧದಲ್ಲಿ ಹೊಣೆ ಹೊತ್ತುಕೊಂಡದ್ದರಿಂದ ಎಂಜಿನ್‌ಗಳು ಉರಿಯುತ್ತಲೇ ಇದ್ದವು. ಅದೇ ವೇಳೆಗೆ ಮತ್ತೊಂದು ಅವಘಡವೂ ನಡೆದುಹೋಗಿತ್ತು. ಬಲ ಎಂಜಿನ್ನಿನೊಳಗಿನ ಒಂದು ಸಣ್ಣ ಪಿನ್ ಸಡಿಲಗೊಂಡು ಚಿಮ್ಮಿ, ನಳಿಕೆಯನ್ನು ತಂಪಾಗಿಡುವ ಮೂರು ಕೊಳವೆಗಳನ್ನು ಸೀಳಿತ್ತು; ಅಲ್ಲಿಂದ ಜಲಜನಕ ಸೋರುತ್ತಿತ್ತು.

ಆ ನೌಕೆಯ ಎಡ ಆಸನದಲ್ಲಿ ಕುಳಿತಿದ್ದವರು ಕರ್ನಲ್ ಐಲೀನ್ ಕಾಲಿನ್ಸ್. ಅಮೆರಿಕದ ಬಾಹ್ಯಾಕಾಶ ಯಾನವೊಂದರ ನಾಯಕತ್ವ ವಹಿಸಿದ ಪ್ರಥಮ ಮಹಿಳೆ. ನೌಕೆ ಉದ್ದೇಶಿತ ಕಕ್ಷೆಗಿಂತ ಸುಮಾರು 11 ಕಿಲೋಮೀಟರ್ ಕೆಳಗೆ ನೆಲೆಗೊಂಡಿತಾದರೂ ಐವರು ಯಾತ್ರಿಗಳೂ ಸುರಕ್ಷಿತರಾಗಿದ್ದರು. ಹೊತ್ತೊಯ್ದಿದ್ದ ದೂರದರ್ಶಕವನ್ನು ಕಕ್ಷೆಗೆ ಬಿಡುಗಡೆ ಮಾಡಿ, ಐದನೆಯ ದಿನ ಕಾಲಿನ್ಸ್ ನೌಕೆಯನ್ನು ನೆಲಕ್ಕಿಳಿಸಿದರು.

ಅಮೆರಿಕದ ಮೊದಲ ಮಹಿಳಾ ಗಗನಯಾತ್ರಿ ಸ್ಯಾಲಿ ರೈಡ್ ಬಾಹ್ಯಾಕಾಶಕ್ಕೆ ತೆರಳಿದ್ದು 1983ರಲ್ಲಿ. ಆದರೆ ಅದೇ ನೌಕೆಯ ಚಾಲಕ ಪೀಠದಲ್ಲಿ ಮಹಿಳೆಯೊಬ್ಬರು ಕೂರಲು 1995ರವರೆಗೆ ಕಾಯಬೇಕಾಯಿತು. ಈ 12 ವರ್ಷಗಳ ಅಂತರಕ್ಕೆ ಕಾರಣ ಧೈರ್ಯದ ಕೊರತೆಯೂ ಅಲ್ಲ, ಪ್ರತಿಭೆಯ ಕೊರತೆಯೂ ಅಲ್ಲ. ಅದು ಅರ್ಹತಾ ನಿಯಮಗಳ ಒಂದೆರಡು ಸಾಲುಗಳ ಪರಿಣಾಮ.

ಹದಿಮೂರು ಮಂದಿಯ ಮುಂದೆ ಮುಚ್ಚಿದ ಬಾಗಿಲು

ನಾಸಾ ತನ್ನ ಆರಂಭಿಕ ಗಗನಯಾತ್ರಿಗಳನ್ನು ಆರಿಸಿದ್ದು ಜೆಟ್ ವಿಮಾನಗಳ ಪರೀಕ್ಷಾ ಪೈಲಟ್‌ಗಳ ನಡುವಿನಿಂದ. 1960 ಮತ್ತು 61ರಲ್ಲಿ ನ್ಯೂ ಮೆಕ್ಸಿಕೋದ ಅಲ್ಬುಕರ್ಕಿಯ ಲವ್‌ಲೇಸ್ ಚಿಕಿತ್ಸಾಲಯದಲ್ಲಿ ಅನುಭವಿ ಮಹಿಳಾ ಪೈಲಟ್‌ಗಳ ಗುಂಪೊಂದು, ನಾಸಾದ ಮೊದಲ ಏಳು ಗಗನಯಾತ್ರಿಗಳು ಎದುರಿಸಿದ್ದ ದೈಹಿಕ ಪರೀಕ್ಷೆಗಳಿಗೇ ಒಳಗಾಯಿತು. ಜೆರ್ರಿ ಕಾಬ್ ಸೇರಿದಂತೆ 13 ಮಂದಿ ತೇರ್ಗಡೆಯಾದರು. ಇದು ನಾಸಾದ ಅಧಿಕೃತ ಕಾರ್ಯಕ್ರಮವಾಗಿರಲಿಲ್ಲ. ಮುಂದಿನ ಹಂತದ ಪರೀಕ್ಷೆಗಳು ಹಠಾತ್ತನೆ ರದ್ದಾದವು.

1962ರಲ್ಲಿ ವಿಷಯ ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ ಬಂದಿತು. ಗಗನಯಾತ್ರಿಯಾಗಬೇಕಾದರೆ ಜೆಟ್ ಪರೀಕ್ಷಾ ಪೈಲಟ್ ಆಗಿರಬೇಕು ಎಂಬುದು ನಾಸಾದ ನಿಲುವು. ಪರೀಕ್ಷಾ ಪೈಲಟ್‌ಗಳನ್ನು ತರಬೇತುಗೊಳಿಸುತ್ತಿದ್ದ ಸೇನಾ ಶಾಲೆಗಳಿಗೆ ಮಹಿಳೆಯರಿಗೆ ಪ್ರವೇಶವೇ ಇರಲಿಲ್ಲ. ನಿಯಮದಲ್ಲಿ ‘ಮಹಿಳೆ’ ಎಂಬ ಪದ ಎಲ್ಲಿಯೂ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಮರುವರ್ಷವೇ ಸೋವಿಯತ್ ಒಕ್ಕೂಟದ ವ್ಯಾಲೆಂಟಿನಾ ತೆರೆಷ್ಕೋವಾ ಬಾಹ್ಯಾಕಾಶ ತಲುಪಿದರು. ಅವರು ಬಟ್ಟೆ ಗಿರಣಿಯ ಕಾರ್ಮಿಕರಾಗಿದ್ದವರು, ಹವ್ಯಾಸಿ ಪ್ಯಾರಾಚೂಟ್ ಪಟು.

ಬೆಟ್ಟದ ಮೇಲಿನ ಗ್ಲೈಡರ್‌ಗಳು

ಕಾಲಿನ್ಸ್ ಜನಿಸಿದ್ದು 1956ರ ನವೆಂಬರ್ 19ರಂದು, ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಎಂಬ ಸಣ್ಣ ನಗರದಲ್ಲಿ. ಎಂಜಿನ್ ಇಲ್ಲದ ಗ್ಲೈಡರ್ ವಿಮಾನಗಳ ಹಾರಾಟಕ್ಕೆ ಅಮೆರಿಕದಲ್ಲಿ ಹೆಸರಾದ ಊರು ಅದು. ಸಮೀಪದ ಹ್ಯಾರಿಸ್ ಬೆಟ್ಟದಿಂದ ಗ್ಲೈಡರ್‌ಗಳು ಗಾಳಿಗೆ ಮೈಯೊಡ್ಡಿ ತೇಲುವುದನ್ನು ನೋಡುತ್ತ ಆಕೆ ಬೆಳೆದರು. ಹಾರಾಟದ ಪಾಠಕ್ಕೆ ಮನೆಯಲ್ಲಿ ಹಣವಿರಲಿಲ್ಲ. ಬಾಲ್ಯದಲ್ಲಿಯೇ ತಂದೆ ತಾಯಿ ಬೇರೆಯಾಗಿದ್ದರು. ಸರ್ಕಾರಿ ವಸತಿಯಲ್ಲಿ, ಕೆಲಕಾಲ ಸರ್ಕಾರದ ಆಹಾರ ಚೀಟಿಯ ಆಸರೆಯಲ್ಲಿ ಕುಟುಂಬ ದಿನ ದೂಡಿತು.

ಶಾಲೆ ಮುಗಿಸಿದ ಕಾಲಿನ್ಸ್ ಸೇರಿದ್ದು ಕಡಿಮೆ ಶುಲ್ಕದ ಕಾರ್ನಿಂಗ್ ಸಮುದಾಯ ಕಾಲೇಜಿಗೆ. ಬಿಡುವಿನ ವೇಳೆ ದುಡಿದು ಸಾವಿರ ಡಾಲರ್ ಕೂಡಿಟ್ಟು, ಆ ಹಣದಿಂದ ಸ್ಥಳೀಯ ವಿಮಾನ ನಿಲ್ದಾಣದಲ್ಲಿ ಹಾರಾಟ ಕಲಿತರು. ಮುಂದೆ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಅರ್ಥಶಾಸ್ತ್ರ ಅಭ್ಯಸಿಸುತ್ತ, ವಾಯುಪಡೆಯ ಅಧಿಕಾರಿಗಳನ್ನು ಸಿದ್ಧಗೊಳಿಸುವ ಕಾಲೇಜು ತರಬೇತಿ ಯೋಜನೆಗೂ ಸೇರಿದರು. 1978ರಲ್ಲಿ ಪದವಿ ಕೈಸೇರಿತು.

ಕಾಲ ಅವರಿಗೆ ಅನುಕೂಲವಾಗಿಯೇ ಒದಗಿಬಂದಿತು. ಅಮೆರಿಕದ ವಾಯುಪಡೆ ಮಹಿಳೆಯರಿಗೆ ಪೈಲಟ್ ತರಬೇತಿ ನೀಡಲು ತೊಡಗಿದ್ದೇ 1976ರಲ್ಲಿ. ಆಕೆ ಎರಡು ವರ್ಷ ಮೊದಲು ಪದವಿ ಪಡೆದಿದ್ದರೆ ಅರ್ಜಿ ಹಾಕಲು ಅವಕಾಶವೇ ಇರುತ್ತಿರಲಿಲ್ಲ. ಒಕ್ಲಹೋಮಾದ ವಾನ್ಸ್ ವಾಯುನೆಲೆಗೆ ಆಯ್ಕೆಯಾದ ಮೊದಲ ಮಹಿಳಾ ತಂಡದಲ್ಲಿ ಅವರೂ ಒಬ್ಬರಾದರು. ನಾಸಾ ಅದೇ ವರ್ಷ ಆರಿಸಿದ್ದ 35 ಗಗನಯಾತ್ರಿಗಳಲ್ಲಿ ಆರು ಮಂದಿ ಮಹಿಳೆಯರಿದ್ದರು. ಪ್ಯಾರಾಚೂಟ್ ತರಬೇತಿಗಾಗಿ ಅವರು ಬಂದದ್ದೂ ವಾನ್ಸ್ ನೆಲೆಗೇ. ಆ ಆರೂ ಮಂದಿ ಪ್ರಯೋಗಗಳನ್ನು ನಿರ್ವಹಿಸುವ ಯಾನತಜ್ಞರಾಗಿದ್ದರು. ನೌಕೆ ನಡೆಸಲು ಆಯ್ಕೆಯಾಗಿದ್ದ 15 ಮಂದಿ ಪೈಲಟ್‌ಗಳು ಪುರುಷರೇ ಆಗಿದ್ದರು.

ಸುತ್ತುದಾರಿಯ ಪಯಣ

ಪರೀಕ್ಷಾ ಪೈಲಟ್ ಆಗಲು ಯುದ್ಧವಿಮಾನದ ಅನುಭವವೇ ರಾಜಮಾರ್ಗ. ಅಮೆರಿಕದ ಮಹಿಳೆಯರಿಗೆ ಆ ಮಾರ್ಗ 1990ರ ದಶಕದವರೆಗೂ ಮುಚ್ಚಿತ್ತು. ಕಾಲಿನ್ಸ್ ತೆರೆದಿದ್ದ ಬಾಗಿಲುಗಳನ್ನೇ ಒಂದೊಂದಾಗಿ ದಾಟುತ್ತ ಸಾಗಿದರು.

ತರಬೇತಿ ಮುಗಿದ ಬಳಿಕ 1982ರವರೆಗೆ ವಾನ್ಸ್‌ನಲ್ಲಿಯೇ ಶಬ್ದಾತೀತ ಟಿ-38 ಜೆಟ್ ವಿಮಾನಗಳ ಬೋಧಕರಾದರು. ಬಳಿಕ ಕ್ಯಾಲಿಫೋರ್ನಿಯಾದ ಟ್ರಾವಿಸ್ ನೆಲೆಯಲ್ಲಿ ಬೃಹತ್ ಗಾತ್ರದ ಸಿ-141 ಸಾಗಣೆ ವಿಮಾನಗಳನ್ನು ನಡೆಸಿದರು. 1983ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೇನೆ ಗ್ರೆನಡಾ ದ್ವೀಪಕ್ಕೆ ಇಳಿದಾಗ, ಸೈನಿಕರನ್ನು ಅಲ್ಲಿಗೆ ಕೊಂಡೊಯ್ದು ವೈದ್ಯಕೀಯ ವಿದ್ಯಾರ್ಥಿಗಳನ್ನು ಮರಳಿ ಕರೆತಂದ ವಿಮಾನಗಳಲ್ಲಿ ಅವರದೂ ಇತ್ತು. 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದು, ಕೊಲರಾಡೋದ ವಾಯುಪಡೆ ಅಕಾಡೆಮಿಯಲ್ಲಿ ಮೂರು ವರ್ಷ ಗಣಿತ ಬೋಧಿಸಿದರು. 1989ರಲ್ಲಿ ಎರಡನೆಯ ಸ್ನಾತಕೋತ್ತರ ಪದವಿಯೂ ಕೈಸೇರಿತು.

ಕೊನೆಗೆ ತೆರೆದದ್ದು ಎಡ್ವರ್ಡ್ಸ್ ನೆಲೆಯ ಪರೀಕ್ಷಾ ಪೈಲಟ್ ಶಾಲೆಯ ಬಾಗಿಲು. ಅಲ್ಲಿಂದ ಪೈಲಟ್ ಆಗಿ ತೇರ್ಗಡೆಯಾದ ಎರಡನೆಯ ಮಹಿಳೆ ಕಾಲಿನ್ಸ್. ಇನ್ನೂ ವಿದ್ಯಾರ್ಥಿನಿಯಾಗಿದ್ದಾಗಲೇ, 1990ರ ಜನವರಿಯಲ್ಲಿ, ನಾಸಾದ ಆಯ್ಕೆಪಟ್ಟಿಯಲ್ಲಿ ಹೆಸರು ಬಂದಿತು. 28 ವರ್ಷಗಳ ಹಿಂದೆ ಹದಿಮೂರು ಮಂದಿಯನ್ನು ತಡೆದಿದ್ದ ಅರ್ಹತೆಯನ್ನೇ ಗಳಿಸಿಕೊಂಡು ಅವರು ಒಳಗೆ ಕಾಲಿಟ್ಟಿದ್ದರು.

ಮೊದಲ ಹಾರಾಟ, ಆಹ್ವಾನಿತ ಅತಿಥಿಗಳು

1995ರ ಫೆಬ್ರುವರಿ 3ರಂದು ಡಿಸ್ಕವರಿ ನೌಕೆ ಏರಿದಾಗ ಬಲ ಆಸನದ ಪೈಲಟ್ ಕಾಲಿನ್ಸ್. ನಾಯಕ ಜೇಮ್ಸ್ ವೆದರ್‌ಬೀ. ಉಡಾವಣೆ ನೋಡಲು ಅವರು ಆಹ್ವಾನಿಸಿದವರ ಪೈಕಿ ಆ ಹದಿಮೂವರ ಗುಂಪಿನ ಮಹಿಳೆಯರೂ ಇದ್ದರು. ಏಳು ಮಂದಿ ಬಂದರು. ಅಷ್ಟು ಹೊತ್ತಿಗೆ ಅವರಲ್ಲಿ ಹಲವರು ವೃದ್ಧಾಪ್ಯದ ಹೊಸ್ತಿಲು ದಾಟಿದ್ದರು. ಆ ಹದಿಮೂವರಲ್ಲಿ ಒಬ್ಬರಾದ ವಾಲಿ ಫಂಕ್ ಅವರಿಗೆ ಬಾಹ್ಯಾಕಾಶದ ಅಂಚು ಮುಟ್ಟುವ ಭಾಗ್ಯ ಒದಗಿದ್ದು 2021ರ ಜುಲೈನಲ್ಲಿ, 82ನೆಯ ವಯಸ್ಸಿನಲ್ಲಿ, ಖಾಸಗಿ ರಾಕೆಟ್ ಒಂದರಲ್ಲಿ.

ರಷ್ಯಾದ ಮಿರ್ ನಿಲ್ದಾಣವನ್ನು ಸಮೀಪಿಸುವುದು ಆ ಯಾನದ ಮುಖ್ಯ ಗುರಿಯಾಗಿತ್ತು. ನೌಕೆಯ ಪುಟ್ಟ ಎಂಜಿನ್ನೊಂದರಲ್ಲಿ ಸೋರಿಕೆ ಕಂಡುಬಂದಾಗ ರಷ್ಯನ್ನರು ಹಿಂಜರಿದರು. ಮಾತುಕತೆಯ ನಂತರ ಸಮ್ಮತಿ ದೊರೆತು, ಡಿಸ್ಕವರಿ 11 ಮೀಟರ್ ಅಂತರದವರೆಗೆ ಸಾಗಿ ಹಿಂದಿರುಗಿತು. 1997ರ ಮೇ ತಿಂಗಳಲ್ಲಿ ಅಟ್ಲಾಂಟಿಸ್ ನೌಕೆಯ ಪೈಲಟ್ ಆಗಿ ಕಾಲಿನ್ಸ್ ಮಿರ್ ನಿಲ್ದಾಣವನ್ನೇ ತಲುಪಿದರು. ಈ ಎರಡು ಯಾನಗಳ ನಡುವೆ ಅವರು ತಾಯಿಯೂ ಆಗಿದ್ದರು.

ಒಂದೇ ಅವಕಾಶದ ಇಳಿಕೆ

ನಾಯಕರ ಹೊಣೆ ಎಂಥದೆಂಬುದು ಅರಿವಾಗುವುದು ನೌಕೆ ಇಳಿಯುವಾಗ. ಕಕ್ಷೆಯಿಂದ ಹೊರಳಿದ ಬಾಹ್ಯಾಕಾಶ ನೌಕೆಗೆ ಎಂಜಿನ್ ಬಲವಿಲ್ಲ. ಅದು ಸುಮಾರು ನೂರು ಟನ್ ತೂಕದ ಗ್ಲೈಡರ್. ಪ್ರಯಾಣಿಕ ವಿಮಾನ ಸುಮಾರು ಮೂರು ಡಿಗ್ರಿ ಕೋನದಲ್ಲಿ ಇಳಿದರೆ, ನೌಕೆ ಸುಮಾರು ಇಪ್ಪತ್ತು ಡಿಗ್ರಿಯಲ್ಲಿ ಧುಮುಕುತ್ತದೆ. ರನ್‌ವೇ ತಪ್ಪಿದರೆ ಮೇಲೇರಿ ಮತ್ತೊಮ್ಮೆ ಯತ್ನಿಸುವಂತಿಲ್ಲ. ಆದ್ದರಿಂದಲೇ ನಾಯಕರಾಗುವವರು ವಿಶೇಷವಾಗಿ ಮಾರ್ಪಡಿಸಿದ ಜೆಟ್ ವಿಮಾನದಲ್ಲಿ, ಅದರ ಎಂಜಿನ್‌ಗಳನ್ನು ಆಕಾಶದಲ್ಲಿಯೇ ಹಿಮ್ಮುಖವಾಗಿ ಒತ್ತಿಸಿ, ಕನಿಷ್ಠ ಸಾವಿರ ಬಾರಿ ಇಂಥ ಇಳಿಕೆಯನ್ನು ಅಭ್ಯಾಸ ಮಾಡಬೇಕಿತ್ತು. ಎಲ್ಮೈರಾದ ಹುಡುಗಿ ಬೆಟ್ಟದ ಬುಡದಲ್ಲಿ ನಿಂತು ನೋಡಿದ್ದ ವಿದ್ಯೆಯ ಅತ್ಯಂತ ಕಠಿಣ ರೂಪವಿದು.

1999ರ ಆ ಯಾನದಲ್ಲಿ ಕೊಲಂಬಿಯಾ ಹೊತ್ತೊಯ್ದಿದ್ದು ಚಂದ್ರ ಎಕ್ಸ್‌ರೇ ದೂರದರ್ಶಕವನ್ನು. ಅದು ಹೊತ್ತ ಹೆಸರು ನೊಬೆಲ್ ಪುರಸ್ಕೃತ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದು. ಬೆಂಗಳೂರಿನಲ್ಲಿ ಸಂಶೋಧನಾ ಸಂಸ್ಥೆ ಕಟ್ಟಿದ ಸರ್ ಸಿ.ವಿ. ರಾಮನ್ ಅವರ ಸೋದರನ ಪುತ್ರ ಈ ಚಂದ್ರಶೇಖರ್.

ಕೊಲಂಬಿಯಾ ದುರಂತದ ನೆರಳಿನಲ್ಲಿ

2003ರ ಫೆಬ್ರುವರಿ 1ರಂದು, ಕಾಲಿನ್ಸ್ ಸುರಕ್ಷಿತವಾಗಿ ಇಳಿಸಿದ್ದ ಅದೇ ಕೊಲಂಬಿಯಾ, ಭೂಮಿಗೆ ಮರಳುವಾಗ ಛಿದ್ರವಾಯಿತು. ಕರ್ನಾಲ್‌ನ ಕಲ್ಪನಾ ಚಾವ್ಲಾ ಸಹಿತ ಏಳು ಮಂದಿ ಅಸುನೀಗಿದರು. ಉಡಾವಣೆ ವೇಳೆ ಇಂಧನ ತೊಟ್ಟಿಯಿಂದ ಕಳಚಿದ ನೊರೆ ಪದಾರ್ಥದ ತುಂಡು ರೆಕ್ಕೆಗೆ ಬಡಿದು ಶಾಖ ಕವಚವನ್ನು ಭೇದಿಸಿತ್ತು.

ಎರಡೂವರೆ ವರ್ಷಗಳ ಬಳಿಕ ನೌಕೆಗಳು ಮತ್ತೆ ಹಾರಬೇಕಾದಾಗ ಆ ಮೊದಲ ಯಾನದ ನಾಯಕತ್ವ ಕಾಲಿನ್ಸ್ ಅವರದಾಗಿತ್ತು. 2005ರ ಜುಲೈ 26ರಂದು ಡಿಸ್ಕವರಿ ಹೊರಟಿತು. ತೊಟ್ಟಿಯಿಂದ ಈ ಬಾರಿಯೂ ನೊರೆಯ ತುಂಡು ಕಳಚಿತು. ಅದೃಷ್ಟವಶಾತ್ ನೌಕೆಗೆ ತಾಗಲಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಸುಮಾರು 180 ಮೀಟರ್ ಕೆಳಗೆ ಕಾಲಿನ್ಸ್ ನೌಕೆಯನ್ನು ನಿಧಾನವಾಗಿ ಪೂರ್ಣ ಲಾಗ ಹಾಕಿಸಿದರು. ನಿಲ್ದಾಣದಲ್ಲಿದ್ದವರು ಅದರ ಹೊಟ್ಟೆಯ ಭಾಗದ ಚಿತ್ರಗಳನ್ನು ಸೆರೆಹಿಡಿದು ಹೆಂಚುಗಳ ಸ್ಥಿತಿ ತಿಳಿಯಲೆಂದು ರೂಪಿಸಿದ್ದ ಕಸರತ್ತು ಇದು. ಅದಕ್ಕೆ ಮುನ್ನ ಯಾರೂ ಇದನ್ನು ಮಾಡಿರಲಿಲ್ಲ. ಹೆಂಚುಗಳ ನಡುವಿನಿಂದ ಹೊರಚಾಚಿದ್ದ ತುಣುಕುಗಳನ್ನು ಸ್ಟೀಫನ್ ರಾಬಿನ್ಸನ್ ಬಾಹ್ಯಾಕಾಶ ನಡಿಗೆಯಲ್ಲಿ ಎಳೆದು ತೆಗೆದರು. ಆಗಸ್ಟ್ 9ರಂದು ಡಿಸ್ಕವರಿ ಇಳಿದದ್ದು ಎಡ್ವರ್ಡ್ಸ್ ನೆಲೆಯಲ್ಲಿ. ಕಾಲಿನ್ಸ್ ಪರೀಕ್ಷಾ ಪೈಲಟ್ ವಿದ್ಯೆ ಕಲಿತಿದ್ದ ಜಾಗದಲ್ಲಿಯೇ.

2006ರಲ್ಲಿ ಅವರು ನಾಸಾದಿಂದ ನಿವೃತ್ತರಾದರು. 2011ರಲ್ಲಿ ಬಾಹ್ಯಾಕಾಶ ನೌಕೆಗಳ ಯುಗ ಮುಗಿದಾಗ, 30 ವರ್ಷಗಳಲ್ಲಿ ಅವುಗಳ ಪೈಲಟ್ ಆದ ಮಹಿಳೆಯರು ಮೂವರೇ: ಕಾಲಿನ್ಸ್, ಸುಸಾನ್ ಕಿಲ್ರೇನ್ ಮತ್ತು ಪಮೇಲಾ ಮೆಲ್ರಾಯ್. ನಾಯಕಿಯರಾದವರು ಕಾಲಿನ್ಸ್ ಮತ್ತು ಮೆಲ್ರಾಯ್ ಇಬ್ಬರು ಮಾತ್ರ.

ನಮ್ಮ ಅಂಗಳದಲ್ಲಿ

ಇದೇ ಪ್ರಶ್ನೆ ಭಾರತದ ಮುಂದೆಯೂ ಇದೆ. 2024ರ ಫೆಬ್ರುವರಿ 27ರಂದು ಗಗನಯಾನಕ್ಕಾಗಿ ಪ್ರಕಟಿಸಲಾದ ನಾಲ್ಕು ಹೆಸರುಗಳೂ ವಾಯುಪಡೆಯ ಪರೀಕ್ಷಾ ಪೈಲಟ್‌ಗಳದು, ನಾಲ್ವರೂ ಪುರುಷರು. ಭಾರತೀಯ ವಾಯುಪಡೆಯ ಯುದ್ಧವಿಮಾನ ವಿಭಾಗ ಮಹಿಳೆಯರಿಗೆ ತೆರೆದದ್ದು 2016ರಲ್ಲಿ. ಆ ಮೊದಲ ಮೂವರು, ಅವನಿ ಚತುರ್ವೇದಿ, ಭಾವನಾ ಕಾಂತ್ ಮತ್ತು ಮೋಹನಾ ಸಿಂಗ್, ಹಾಕ್ ಜೆಟ್ ವಿಮಾನಗಳಲ್ಲಿ ಪಳಗಿದ್ದು ನಮ್ಮ ಬೀದರ್ ವಾಯುನೆಲೆಯಲ್ಲಿ. ಕೊಳ್ಳೇಗಾಲ ಮೂಲದ ಆಶ್ರಿತಾ ಓಲೇಟಿ 2021ರಲ್ಲಿ ಬೆಂಗಳೂರಿನ ಪರೀಕ್ಷಾ ಹಾರಾಟ ಶಾಲೆಯಿಂದ ವಾಯುಪಡೆಯ ಪ್ರಥಮ ಮಹಿಳಾ ಹಾರಾಟ ಪರೀಕ್ಷಾ ಎಂಜಿನಿಯರ್ ಆಗಿ ಹೊರಬಂದರು. ಆ ಹುದ್ದೆ ಪರೀಕ್ಷಾ ಪೈಲಟ್‌ನದಲ್ಲ. ಆದರೆ ಎರಡಕ್ಕೂ ಶಾಲೆ ಒಂದೇ.

ನಾಲ್ವರ ಪೈಕಿ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಆಕ್ಸಿಯಂ-4 ಯಾನದ ಪೈಲಟ್ ಆಗಿ ಬಾಹ್ಯಾಕಾಶ ನಿಲ್ದಾಣ ತಲುಪಿದರು. ಆ ಯಾನದ ನಾಯಕಿ ಪೆಗ್ಗಿ ವಿಟ್ಸನ್. ಅವರು ಪರೀಕ್ಷಾ ಪೈಲಟ್ ಅಲ್ಲ, ಜೀವರಸಾಯನ ವಿಜ್ಞಾನಿ.

ಕಾಲಿನ್ಸ್ ಅವರ ನಾಲ್ಕು ಯಾನಗಳು

* 1995, ಫೆಬ್ರುವರಿ: ಡಿಸ್ಕವರಿ, ಪೈಲಟ್. ಮಿರ್ ನಿಲ್ದಾಣದ ಸಮೀಪಕ್ಕೆ.
* 1997, ಮೇ: ಅಟ್ಲಾಂಟಿಸ್, ಪೈಲಟ್. ಮಿರ್ ನಿಲ್ದಾಣಕ್ಕೆ ಜೋಡಣೆ.
* 1999, ಜುಲೈ: ಕೊಲಂಬಿಯಾ, ನಾಯಕಿ. ಚಂದ್ರ ದೂರದರ್ಶಕದ ಉಡಾವಣೆ.
* 2005, ಜುಲೈ-ಆಗಸ್ಟ್: ಡಿಸ್ಕವರಿ, ನಾಯಕಿ. ಕೊಲಂಬಿಯಾ ದುರಂತದ ನಂತರದ ಮೊದಲ ಯಾನ.
* ಬಾಹ್ಯಾಕಾಶದಲ್ಲಿ ಕಳೆದ ಒಟ್ಟು ಅವಧಿ: 872 ಗಂಟೆ.