ಅನ್ನನಾಳದ ಜನ್ಮಜಾತ ಅಡಚಣೆ: ಒಂದು ಶಸ್ತ್ರಚಿಕಿತ್ಸೆಯ ಇತಿಹಾಸ

ಗಂಟಲಿನಿಂದ ಜಠರಕ್ಕೆ ಇಳಿಯುವ ಅನ್ನನಾಳವು ಗರ್ಭದಲ್ಲಿಯೇ ನಡುವೆ ತುಂಡಾಗಿ, ಅದರ ಮೇಲ್ಭಾಗವು ತುದಿ ಮುಚ್ಚಿದ ಚೀಲವಾಗಿ ಉಳಿಯುವ ಸ್ಥಿತಿಯನ್ನು ವೈದ್ಯಶಾಸ್ತ್ರವು ಅನ್ನನಾಳದ ಅಟ್ರೀಸಿಯಾ ಎಂದು ಕರೆಯುತ್ತದೆ. ಇದರಿಂದ ಕುಡಿದ ಹಾಲು ಜಠರವನ್ನು ಸೇರದೆ ಉಕ್ಕಿಬರುವುದಲ್ಲದೆ, ಇಂತಹ ಬಹುಪಾಲು ಶಿಶುಗಳಲ್ಲಿ ಕೆಳಗಿನ ತುಂಡು ಶ್ವಾಸನಾಳಕ್ಕೆ ಕೂಡಿಕೊಂಡಿರುವುದರಿಂದ, ಜಠರದ ಆಮ್ಲವು ಶ್ವಾಸಕೋಶಕ್ಕೆ ನುಗ್ಗಿ ನ್ಯುಮೋನಿಯಾವನ್ನು ಉಂಟುಮಾಡುತ್ತದೆ.

ಈ ರೂಪವನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ಗಿಬ್ಸನ್ 1697ರಲ್ಲಿಯೇ ವಿವರಿಸಿದ್ದರೂ, ಅದಕ್ಕೆ ಚಿಕಿತ್ಸೆ ದೊರೆಯಲು ಎರಡು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು. 1888ರಲ್ಲಿ ಲಂಡನ್ನಿನ ಚಾರ್ಲ್ಸ್ ಸ್ಟೀಲ್, ಅಡ್ಡವಾಗಿರುವುದು ತೆಳುಪೊರೆಯಷ್ಟೇ ಎಂದು ಭಾವಿಸಿ ಜಠರದ ಮೂಲಕ ಅದನ್ನು ಭೇದಿಸಲು ಯತ್ನಿಸಿದನಾದರೂ ಶಿಶು ಉಳಿಯಲಿಲ್ಲ. 1939ರಲ್ಲಿ ಬಾಸ್ಟನ್ನಿನ ವಿಲಿಯಂ ಲ್ಯಾಡ್ ಮತ್ತು ಮಿನಿಯಾಪೊಲಿಸ್‌ನ ಲೋಗನ್ ಲೀವನ್, ಜಠರಕ್ಕೆ ನೇರವಾಗಿ ಆಹಾರ ನೀಡುತ್ತ, ಹಲವು ಹಂತಗಳ ಶಸ್ತ್ರಚಿಕಿತ್ಸೆಯಿಂದ ಶಿಶುಗಳನ್ನು ಪ್ರತ್ಯೇಕವಾಗಿ ಬದುಕಿಸಿದರು. ಎರಡು ತುಂಡುಗಳನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ನೇರವಾಗಿ ಹೊಲಿದು ಜೋಡಿಸುವ ವಿಧಾನದಲ್ಲಿ ಮೊದಲ ಯಶಸ್ಸು 1941ರಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನ ಕ್ಯಾಮರಾನ್ ಹೈಟ್ ಅವರಿಗೆ ದೊರೆಯಿತು.

ಆದರೆ ಹೊಲಿಗೆಯ ಕೌಶಲವೊಂದೇ ಸಾಲದೆಂಬುದನ್ನು 1962ರಲ್ಲಿ ಡೇವಿಡ್ ವಾಟರ್‌ಸ್ಟನ್ ರೂಪಿಸಿದ ವರ್ಗೀಕರಣವು ತೋರಿಸಿತು. ಜನನದ ತೂಕ, ನ್ಯುಮೋನಿಯಾ ಹಾಗೂ ಜೊತೆಗಿರುವ ಇತರ ನ್ಯೂನತೆಗಳೇ ಶಿಶುವಿನ ಉಳಿವನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದುದರಿಂದ, ಮುಂದಿನ ಪ್ರಗತಿಯು ಅರಿವಳಿಕೆ, ಉಸಿರಾಟದ ನೆರವು, ರಕ್ತನಾಳದ ಮೂಲಕ ನೀಡುವ ಪೋಷಣೆ ಮುಂತಾದ ನವಜಾತ ಶಿಶುಗಳ ಆರೈಕೆಯನ್ನೇ ಅವಲಂಬಿಸಿತು.